ಹೊಸ ಸಿಸ್ಟಮ್‌ನೊಳಗೆ ಹಳೆಯ ಎಕ್ಸ್‌ಪಿ: ಸಿಕ್ಕಿಬಿದ್ದ ಕನ್ನಡ ಫೈಲುಗಳನ್ನು ಹೊರತೆಗೆಯುವ ಬಗೆ

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಡಿಟಿಪಿ ಸೆಂಟರ್ ನಡೆಸುವವರಿಗೆ ಈ ಗಿರಾಕಿ ಹೊಸಬನಲ್ಲ. ಕೈಯಲ್ಲಿ ಅಂಚು ಹರಿದ ಒಂದು ಪುಸ್ತಕ. ಊರ ಗುಡಿಯ ಚರಿತ್ರೆ. ಹದಿನೆಂಟು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಅಕ್ಷರ ಜೋಡಿಸಿದ್ದು. "ಜಾತ್ರಿಗೆ ಮತ್ತ ಐನೂರು ಪ್ರತಿ ಹಾಕಸ್ಬೇಕ್ರಿ. ಫೈಲ್ ನಿಮ್ಮ ಹಂತೇಕ ಇದ್ದೇ ಇರ್ತದಲ್ಲ?" ಫೈಲ್ ಇದೆ. ಆದರೆ ಹೊಸ ಸಿಸ್ಟಮ್‌ನಲ್ಲಿ ಕ್ಲಿಕ್ ಮಾಡಿದರೆ "ಓಪನ್ ಆಗವಲ್ದು". ಹೇಗೋ ತೆರೆದರೂ 'ಕನ್ನಡ' ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು ಸಾಲಾಗಿ ನಿಂತಿರುತ್ತವೆ.

ಗಂಗಾವತಿಯ ಅಕ್ಕಿ ಗಿರಣಿಗಳ ಆಫೀಸಿನಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಡಾಸ್ ಕಾಲದಲ್ಲಿ ಯಾರೋ ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಮು, ಅದರಲ್ಲಿ ವರ್ಷಗಟ್ಟಲೆ ಭತ್ತದ ಖರೀದಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮುಗಳನ್ನು ಓಡಿಸುವುದೇ ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಆ ಲೆಕ್ಕ ಡಿಸ್ಕ್‌ನಲ್ಲಿದ್ದೂ ಇಲ್ಲದಂತೆ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಸಣ್ಣ ಊರುಗಳಿಗೆ ಡಿಟಿಪಿ ಹಬ್ಬಿದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಸ್ಮರಣ ಸಂಚಿಕೆ, ಶಾಲೆಯ ಬೆಳ್ಳಿಹಬ್ಬದ ಪುಸ್ತಕ, ಹಂತಿಪದ, ಸೋಬಾನೆಪದಗಳ ಸಂಗ್ರಹ ಎಂದು ನಮ್ಮವರು ಮಾಡಿಸಿದ ಎಷ್ಟೋ ಕೆಲಸ ಈಗ ಪೇಜ್‌ಮೇಕರ್ ಫೈಲುಗಳಲ್ಲಿ ಕೂತಿದೆ. ಬೆಂಗಳೂರಿನ ದೊಡ್ಡ ಪ್ರಕಾಶಕರು ತಮ್ಮದನ್ನು ಉಳಿಸಿಕೊಂಡಾರು. ಇವನ್ನು ಉಳಿಸಬೇಕಾದವರು ನಾವೇ. ಅದಕ್ಕೆ ಇರುವ ಒಳ್ಳೆಯ ದಾರಿ ವರ್ಚುವಲ್ ಮಷೀನ್. ಅದನ್ನು ಕಟ್ಟುವುದು ಸುಲಭ. ಕಟ್ಟಿದ ಮೇಲೆ ಅದು ಹಟ ಹಿಡಿದಾಗ ಏನು ಮಾಡಬೇಕು ಎಂಬುದೇ ಈ ಲೇಖನದ ಮುಖ್ಯ ವಿಷಯ.

ಅಕ್ಷರ ಒಡೆಯುವುದು ಯಾಕೆ?

ಹಿಂದಿನ ಫಾಂಟುಗಳಲ್ಲಿ ಸಿಗುತ್ತಿದ್ದದ್ದು 256 ಮನೆಗಳು. ಅವನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಹಂಚಿಯಾಗಿತ್ತು. ನಮ್ಮ ತಂತ್ರಾಂಶದವರು ಅದೇ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು: ಒಂದರಲ್ಲಿ 'ಕ'ದ ಮೈ, ಇನ್ನೊಂದರಲ್ಲಿ ತಲೆಕಟ್ಟು, ಮತ್ತೊಂದರಲ್ಲಿ ಒತ್ತು. ಫೈಲಿನಲ್ಲಿ ಉಳಿಯುವುದು ಮನೆ ನಂಬರ್ ಮಾತ್ರ. ಅದನ್ನು ಕನ್ನಡ ಮಾಡಿ ತೋರಿಸುವುದು ಫಾಂಟು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ ಎಲ್ಲವೂ ನಡೆದದ್ದು ಹೀಗೆಯೇ. ಒಬ್ಬರ ಮನೆ ಹಂಚಿಕೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಆದ್ದರಿಂದ ಫೈಲಿನ ಜತೆಗೆ ಅದೇ ಫಾಂಟು, ಅದೇ ಪೇಜ್‌ಮೇಕರ್, ಅವು ನೆಮ್ಮದಿಯಿಂದ ಓಡುತ್ತಿದ್ದ ಅದೇ ವಿಂಡೋಸ್ ಎಕ್ಸ್‌ಪಿ ಇದ್ದರೆ ಪುಟ ಇದ್ದಹಾಗೆಯೇ ಏಳುತ್ತದೆ. ಇಲ್ಲಿ ಒಂದು ಮಾತು ಹೇಳಬೇಕು: ಯೂನಿಕೋಡ್ ಕನ್ನಡಕ್ಕೆ ವಿಂಡೋಸ್‌ನಲ್ಲಿ ಮೊದಲು ಫಾಂಟು ಬಂದದ್ದೂ ಇದೇ ಎಕ್ಸ್‌ಪಿಯಲ್ಲಿ. ಅದರ ಹೆಸರು ತುಂಗಾ.

ವರ್ಚುವಲ್ ಮಷೀನ್ ಎಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಒಂದು ಪೂರ್ತಿ ಗಣಕ. ಅದಕ್ಕೆ ತನ್ನದೇ ಡಿಸ್ಕ್, ತನ್ನದೇ ಮೆಮೊರಿ, ತನ್ನದೇ ಪರದೆ. ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರಿನಲ್ಲಿ. ಇಂದಿನ ಮದರ್‌ಬೋರ್ಡ್ ಅದಕ್ಕೆ ಅರ್ಥವಾಗದು. ವರ್ಚುವಲ್ ಮಷೀನು ಅದರ ಮುಂದೆ ಹಳೆಯ ಕಾಲದ ಬೋರ್ಡ್, ಹಳೆಯ ನೆಟ್‌ವರ್ಕ್ ಕಾರ್ಡ್‌ನ ವೇಷ ಹಾಕಿ ನಿಲ್ಲುತ್ತದೆ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನ ಮುಕ್ಕಾಲು ತೊಂದರೆಗಳಿಗೆ ಕಾರಣ ತಾನೇ ಹೊಳೆಯುತ್ತದೆ: ಎಲ್ಲೋ ಒಂದು ಕಡೆ ನಾವು ಎಕ್ಸ್‌ಪಿಗೆ ಗುರುತಿಲ್ಲದ ಹೊಸ ವಸ್ತುವನ್ನು ತೋರಿಸಿರುತ್ತೇವೆ.

ಕಟ್ಟುವ ಮೊದಲು

1. ಹಳೆಯ ಸಿಸ್ಟಮ್ ಇನ್ನೂ ಮೂಲೆಯಲ್ಲಿದ್ದರೆ ಅದನ್ನು ಆನ್ ಮಾಡಿ ನೋಡುವ ಆಸೆ ಬಿಡಿ. ಹತ್ತು ವರ್ಷ ಸುಮ್ಮನಿದ್ದ ಹಾರ್ಡ್‌ಡಿಸ್ಕ್ ಮತ್ತೆ ತಿರುಗುವುದು ಒಂದೇ ಸಲವಾಗಿರಬಹುದು. ಡಿಸ್ಕ್ ಬಿಚ್ಚಿ, ಐಡಿಇ ಅಥವಾ ಸಾಟಾದಿಂದ ಯುಎಸ್‌ಬಿಗೆ ಬರುವ ಅಡಾಪ್ಟರ್ ಹಾಕಿ ಮೊದಲು ಎಲ್ಲವನ್ನೂ ನಕಲು ಮಾಡಿ.

2. ಡಾಕ್ಯುಮೆಂಟ್ ಫೋಲ್ಡರ್ ಒಂದೇ ಸಾಲದು. ವಿಂಡೋಸ್‌ನೊಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ ಬೇಕು. ಫೈಲ್ ಇದ್ದೂ ಫಾಂಟ್ ಇಲ್ಲದೆ ಕೈಚೆಲ್ಲಿದವರನ್ನು ನಾನು ಬಹಳ ನೋಡಿದ್ದೇನೆ.

3. ಎಕ್ಸ್‌ಪಿಯ ನಿಮ್ಮದೇ ಸಿಡಿ, ನಿಮ್ಮದೇ ಕೀ ಬಳಸಿ. ಸಿಸ್ಟಮ್ ಜತೆಗೆ ಬಂದ ಓಇಎಂ ಲೈಸೆನ್ಸ್ ಆ ಸಿಸ್ಟಮ್‌ಗೇ ಕಟ್ಟಿದ್ದು, ಬಿಡಿಯಾಗಿ ಕೊಂಡದ್ದನ್ನು ಬೇರೆಡೆಗೆ ಒಯ್ಯಬಹುದು. ಸ್ಥಾಪಿಸಿದ ಮೇಲೆ ಆಕ್ಟಿವೇಶನ್‌ಗೆ 30 ದಿನ ಸಿಗುತ್ತದೆ.

4. ಮೊದಲು ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ. 2015ರಿಂದ ಅದು ಪೇಜ್‌ಮೇಕರ್ ಫೈಲುಗಳನ್ನು ಓದಲು ಕಲಿತಿದೆ. ಪುಟದ ಅಂದ ಕೆಡಬಹುದು. ಆದರೆ ಒಂದು ಪುಟದ ಕರಪತ್ರವಾದರೆ ಅಲ್ಲಿಗೇ ಕೆಲಸ ಮುಗಿದೀತು.

ಕಟ್ಟುವುದು

ಒರಾಕಲ್ ಕಂಪನಿಯ ವರ್ಚುವಲ್‌ಬಾಕ್ಸ್ ಉಚಿತ. ಇಲ್ಲಿನ ವಿವರವೆಲ್ಲ ಅದರದ್ದು. ಹೊಸ ಮಷೀನ್ ಮಾಡುವಾಗ ವಿಂಡೋಸ್ ಎಕ್ಸ್‌ಪಿ 32 ಬಿಟ್ ಎಂದು ಆರಿಸಿ. ಮೆಮೊರಿ 512 ಎಂಬಿಯಿಂದ 1 ಜಿಬಿ, ಪ್ರೊಸೆಸರ್ ಒಂದು, ಡಿಸ್ಕ್ 20 ಜಿಬಿ. ನಿಮ್ಮ ಹೊಸ ಸಿಸ್ಟಮ್‌ನಲ್ಲಿ 16 ಜಿಬಿ ಇದೆ ಎಂದು ಅದಕ್ಕೆ 8 ಕೊಡಬೇಡಿ. 32 ಬಿಟ್ ಎಕ್ಸ್‌ಪಿ 4 ಜಿಬಿ ದಾಟಿ ನೋಡಲಾರದು, ಪೇಜ್‌ಮೇಕರಿಗೆ ಅಷ್ಟು ಬೇಕಾಗಿಯೂ ಇಲ್ಲ. ನೆಟ್‌ವರ್ಕ್‌ನಲ್ಲಿ 'ನಾಟ್ ಅಟ್ಯಾಚ್ಡ್' ಇಡಿ. ಕಾರಣ ಆಮೇಲೆ ಹೇಳುತ್ತೇನೆ.

ಏಳದಿದ್ದರೆ, ಸಿಕ್ಕಿಕೊಂಡರೆ

1. ಮಷೀನ್ ಶುರುವಾಗದೆ ವಿಟಿ-ಎಕ್ಸ್ ಬಗ್ಗೆ ದೂರು. ವರ್ಚುವಲ್‌ಬಾಕ್ಸ್ 6.1ರಿಂದೀಚೆಗೆ ಪ್ರೊಸೆಸರಿನ ನೆರವಿಲ್ಲದೆ ಓಡುವುದಿಲ್ಲ. ಎಷ್ಟೋ ಸಿಸ್ಟಮ್‌ಗಳಲ್ಲಿ ಆ ಸೌಲಭ್ಯ ಇದ್ದರೂ ಬಯೋಸ್‌ನಲ್ಲಿ ಮುಚ್ಚಿಟ್ಟಿರುತ್ತಾರೆ. ಆನ್ ಆಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಒತ್ತಿ ಬಯೋಸ್‌ಗೆ ಹೋಗಿ, ಇಂಟೆಲ್‌ನಲ್ಲಿ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿಯಲ್ಲಿ ಎಸ್‌ವಿಎಂ ಎಂಬುದನ್ನು ತೆರೆಯಿರಿ.

2. ಏಳುತ್ತದೆ, ಆದರೆ ಎತ್ತಿನ ಬಂಡಿಯಂತೆ. ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಕಾರಣ ನಿಮ್ಮ ಹೊರಗಿನ ವಿಂಡೋಸ್. ಅದು ಹೈಪರ್-ವಿ ಎಂಬ ತನ್ನದೇ ವ್ಯವಸ್ಥೆಯನ್ನು ಹಿಡಿದು ಕೂತಿದೆ. ವರ್ಚುವಲ್‌ಬಾಕ್ಸ್ ಅದರ ಬೆನ್ನ ಹಿಂದೆ ನಿಂತು ಕೆಲಸ ಮಾಡಬೇಕಾಗಿದೆ. 'ವಿಂಡೋಸ್ ಫೀಚರ್ಸ್' ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಇವುಗಳ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಆಮೆ ಆಮೇಲೂ ಹೋಗದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ತೆರೆದಿರುತ್ತದೆ. ಅದು ರಕ್ಷಣೆಯ ಕವಚ. ಕೆಲಸದ ಮಟ್ಟಿಗೆ ಮುಚ್ಚಿ, ಮುಗಿದ ದಿನವೇ ಮತ್ತೆ ತೆರೆಯಿರಿ.

3. ನೀಲಿ ಪರದೆ, ಕೊನೆಯಲ್ಲಿ 7ಬಿ. ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಇದು. ಅದರ ಅರ್ಥ: ವಿಂಡೋಸ್ ಎದ್ದಿದೆ, ಆದರೆ ತಾನು ಕೂತ ಡಿಸ್ಕೇ ತನಗೆ ಕಾಣುತ್ತಿಲ್ಲ. ವರ್ಚುವಲ್ ಡಿಸ್ಕನ್ನು ಸಾಟಾ ಕಂಟ್ರೋಲರ್‌ಗೆ ಜೋಡಿಸಿರುತ್ತೀರಿ. ಎಕ್ಸ್‌ಪಿಯ ಬಳಿ ಅದರ ಡ್ರೈವರ್ ಇಲ್ಲ. ಮಷೀನ್ ಆಫ್ ಮಾಡಿ, ಸೆಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ, ಡಿಸ್ಕನ್ನು ಸಾಟಾದಿಂದ ಬಿಡಿಸಿ ಐಡಿಇ ಕಂಟ್ರೋಲರ್‌ಗೆ ಸಿಕ್ಕಿಸಿ. ಕಂಟ್ರೋಲರ್ ಬಗೆ ಪಿಐಐಎಕ್ಸ್4 ಇರಲಿ. ಬಿಡಿಸುವುದು ಎಂದರೆ ಅಳಿಸುವುದಲ್ಲ, ಹೆದರಬೇಡಿ; ಡಿಸ್ಕಿನ ಫೈಲು ಇದ್ದಲ್ಲೇ ಇರುತ್ತದೆ. ಹಳೆಯ ಸಿಸ್ಟಮ್‌ನ ಡಿಸ್ಕನ್ನೇ ಪೂರ್ತಿ ಎತ್ತಿ ಇಲ್ಲಿಗೆ ತಂದಿದ್ದರೆ ಇದಾದ ಮೇಲೂ ಹಟ ಮಾಡಬಹುದು. ಆಗ ಸಿಸ್ಟಮ್ ಪುಟದಲ್ಲಿ ಐಓ ಎಪಿಕ್ ಟಿಕ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ. ಅದಕ್ಕೂ ಬಗ್ಗದಿದ್ದರೆ ಸಿಡಿಯಿಂದ ರಿಪೇರ್ ಇನ್‌ಸ್ಟಾಲ್ ಒಂದೇ ದಾರಿ. ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಡಿಸ್ಕನ್ನು ಎಬ್ಬಿಸುವ ಹೋರಾಟಕ್ಕಿಂತ ಹೊಸದಾಗಿ ಎಕ್ಸ್‌ಪಿ ಹಾಕಿ ಫಾಂಟು, ಫೈಲು ತಂದಿಟ್ಟುಕೊಳ್ಳುವುದು ವಾಸಿ. ಆ ಹಳೆಯ ಡಿಸ್ಕಿನ ಜತೆ ಆ ಕಾಲದ ಪೆನ್‌ಡ್ರೈವ್ ವೈರಸ್‌ಗಳೂ ಬಂದಾವು.

4. ಪರದೆ ಸಣ್ಣದು, ಬಣ್ಣ ಕೆಟ್ಟಿದೆ, ಮೌಸ್ ಒಳಗೆ ಸಿಕ್ಕಿಕೊಂಡಿದೆ. ಮೌಸ್ ಬಿಡಿಸಿಕೊಳ್ಳಲು ಕೀಬೋರ್ಡಿನ ಬಲಗಡೆಯ ಕಂಟ್ರೋಲ್ ಒತ್ತಿ. ಪರದೆಗೆ ಮದ್ದು, ಡಿವೈಸಸ್ ಮೆನುವಿನಲ್ಲಿರುವ ಗೆಸ್ಟ್ ಅಡಿಶನ್ಸ್. ಗ್ರಾಫಿಕ್ಸ್ ಕಂಟ್ರೋಲರ್ ವಿಬಾಕ್ಸ್‌ವಿಜಿಎ ಇರಲಿ, 3ಡಿ ಟಿಕ್ ಬೇಡ. ಸ್ಥಾಪಿಸುವಾಗ ಡ್ರೈವರ್ ಪರೀಕ್ಷೆಯಲ್ಲಿ ಪಾಸಾಗಿಲ್ಲ ಎಂದು ಎಕ್ಸ್‌ಪಿ ಎಚ್ಚರಿಸುತ್ತದೆ. 'ಕಂಟಿನ್ಯೂ ಎನಿವೇ' ಒತ್ತಿ.

5. ಡೋಂಗಲ್ ಕಾಣುತ್ತಿಲ್ಲ. ಹಣ ಕೊಟ್ಟು ಕೊಂಡ ಲಿಪಿ ತಂತ್ರಾಂಶಗಳು ಡೋಂಗಲ್ ಕೇಳುತ್ತವೆ. ಯುಎಸ್‌ಬಿಯದಾದರೆ ಸೆಟಿಂಗ್ಸ್‌ನಲ್ಲಿ ಯುಎಸ್‌ಬಿ 1.1 ಅಥವಾ 2.0 ಆರಿಸಿ, ಡೋಂಗಲನ್ನು ಫಿಲ್ಟರ್ ಪಟ್ಟಿಗೆ ಸೇರಿಸಿ. 3.0 ಆರಿಸಿದರೆ ಎಕ್ಸ್‌ಪಿ ಅದನ್ನು ಗುರುತಿಸದು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಳೆಯ ಡೋಂಗಲ್ ಆದರೆ ವರ್ಚುವಲ್ ಮಷೀನಿನ ಹಾದಿ ಕಷ್ಟ. ಹಳೆಯ ಸಿಸ್ಟಮ್ಮನ್ನೇ ರಿಪೇರಿ ಮಾಡಿಸಿ.

6. ಕರೆಂಟ್ ಹೋಗಿ ಬಂದ ಮೇಲೆ 'ಇನ್‌ಆಕ್ಸೆಸಿಬಲ್'. ಬೇಸಿಗೆಯಲ್ಲಿ ಇದು ಬಂದೇ ಬರುತ್ತದೆ. ಪಟ್ಟಿಯಲ್ಲಿ ಮಷೀನಿನ ಹೆಸರಿನ ಬದಲು ಈ ಪದ ಕಂಡಾಗ ಎಲ್ಲ ಹೋಯಿತು ಎಂದು ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ಹಾಳಾಗಿರುವುದು ಬಹುತೇಕ ಸೆಟಿಂಗ್ಸ್ ಬರೆದಿಟ್ಟ ಒಂದು ಪುಟ್ಟ ಫೈಲು ಮಾತ್ರ. ನಿಮ್ಮ ಡಿಸ್ಕ್ ಅದರ ಪಕ್ಕದಲ್ಲೇ ಸುರಕ್ಷಿತವಾಗಿರುತ್ತದೆ. ಮಷೀನಿನ ಫೋಲ್ಡರ್ ತೆರೆಯಿರಿ. 'ವಿಬಾಕ್ಸ್' ಎಂಬ ಬಾಲದ ಫೈಲಿನ ಗಾತ್ರ ಸೊನ್ನೆ ಆಗಿರುತ್ತದೆ. ಅದರ ಪಕ್ಕದಲ್ಲಿ ಅದೇ ಹೆಸರಿಗೆ 'ಪ್ರೆವ್' ಸೇರಿದ ಇನ್ನೊಂದು ಫೈಲ್ ಇರುತ್ತದೆ. ಹಾಳಾದದ್ದಕ್ಕೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ, 'ಪ್ರೆವ್' ಫೈಲನ್ನು ನಕಲು ಮಾಡಿ ಆ ನಕಲಿಗೆ ಮೊದಲಿನ ಹೆಸರು ಕೊಡಿ. ಮಷೀನ್ ಎದ್ದು ಕೂರುತ್ತದೆ. ಎದ್ದ ಮೇಲೆ ಎಕ್ಸ್‌ಪಿಯೊಳಗೆ ಚೆಕ್‌ಡಿಸ್ಕ್ ಒಮ್ಮೆ ಓಡಿಸಿ.

7. ನಡುವೆಯೇ ನಿಂತು 'ಪಾಝ್ಡ್' ಎನ್ನುತ್ತದೆ. ಹೊರಗಿನ ಡ್ರೈವ್ ತುಂಬಿದೆ. ಜಾಗ ಮಾಡಿಕೊಟ್ಟು ಮುಂದುವರಿಸಿ. ಜಾಗ ಮಾಡುವ ಆತುರದಲ್ಲಿ ಮಷೀನಿನ ಫೋಲ್ಡರಿನೊಳಗೆ ಕೈ ಹಾಕಬೇಡಿ. ನಾನೊಮ್ಮೆ ಅಲ್ಲಿದ್ದ ಸ್ನಾಪ್‌ಶಾಟ್ ಫೈಲನ್ನು ಹಳೆಯ ಕಸವೆಂದು ಅಳಿಸಿ ಮೂರು ದಿನದ ತಿದ್ದುಪಡಿ ಕಳೆದುಕೊಂಡೆ. ಸ್ನಾಪ್‌ಶಾಟ್ ತೆಗೆದ ಮೇಲಿನ ಬದಲಾವಣೆಯೆಲ್ಲ ಆ ಫೈಲಿನಲ್ಲೇ ಇರುತ್ತದೆ, ಮೂಲ ಡಿಸ್ಕಿನಲ್ಲಲ್ಲ. ಸ್ನಾಪ್‌ಶಾಟ್ ಬೇಡವಾದರೆ ವರ್ಚುವಲ್‌ಬಾಕ್ಸಿನ ಒಳಗಿಂದಲೇ ಅಳಿಸಬೇಕು.

ವಿಂಡೋಸ್ 98 ಬಗ್ಗೆಯೂ ಕೇಳುತ್ತಾರೆ. ಅದಕ್ಕೆ ಗೆಸ್ಟ್ ಅಡಿಶನ್ಸ್ ಇಲ್ಲ, 512 ಎಂಬಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ ತೊಂದರೆ ಕೊಡುತ್ತದೆ. ಪೇಜ್‌ಮೇಕರ್ 6.5, 7.0 ಎರಡೂ ಎಕ್ಸ್‌ಪಿಯಲ್ಲಿ ಓಡುವಾಗ 98ರ ಗೋಜಿಗೆ ಹೋಗಬೇಕಿಲ್ಲ.

ಫೈಲು ಒಳಗೆ ಒಯ್ಯುವುದು

ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ಪದ್ಧತಿ ಮಾತ್ರ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ತುಂಬ ಹರಡಿದ್ದು ಅದರಲ್ಲಿದ್ದ ತೂತಿನಿಂದಲೇ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಬೆಂಬಲ ಮುಗಿದಿದ್ದರೂ ಮೈಕ್ರೋಸಾಫ್ಟ್ ಆಗ ತುರ್ತು ಪ್ಯಾಚ್ ಕೊಡಬೇಕಾಯಿತು. 2017ರ ಕೊನೆಯಿಂದ ವಿಂಡೋಸ್ 10 ಹೊಸದಾಗಿ ಹಾಕುವಾಗ ಎಸ್‌ಎಂಬಿ 1 ಬರುವುದು ನಿಂತಿತು. ಆದ್ದರಿಂದ ಎಕ್ಸ್‌ಪಿಯಿಂದ ಆಫೀಸಿನ ಶೇರ್ ಕಾಣುತ್ತಿಲ್ಲ ಎಂದು ಯಾರಾದರೂ ಎಸ್‌ಎಂಬಿ 1 ಆನ್ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ. ನೆಟ್‌ವರ್ಕ್ 'ನಾಟ್ ಅಟ್ಯಾಚ್ಡ್' ಇಡಿ ಎಂದದ್ದೂ ಇದಕ್ಕೇ. ಅದರ ಬದಲು ವರ್ಚುವಲ್‌ಬಾಕ್ಸಿನ ಶೇರ್ಡ್ ಫೋಲ್ಡರ್ ಬಳಸಿ. ಅದು ನೆಟ್‌ವರ್ಕಿನ ಮೇಲೆ ಹೋಗುವುದೇ ಇಲ್ಲ. ಗೆಸ್ಟ್ ಅಡಿಶನ್ಸ್ ಮೂಲಕ ನೇರವಾಗಿ ಕೈಬದಲಾಗುತ್ತದೆ. ಮೂಲ ಫೈಲುಗಳ ಫೋಲ್ಡರಿಗೆ 'ರೀಡ್ ಓನ್ಲಿ' ಹಾಕಿ, ಹೊರತೆಗೆದದ್ದನ್ನು ಇಡಲು ಬೇರೊಂದು ಫೋಲ್ಡರ್ ಕೊಡಿ.

ಇನ್ನೊಂದು ಸೂಕ್ಷ್ಮ. ಪೇಜ್‌ಮೇಕರ್ ಚಿತ್ರವನ್ನು ಎಷ್ಟೋ ಸಲ ಒಳಗೆ ಇಟ್ಟುಕೊಳ್ಳದೆ ಅದರ ವಿಳಾಸ ಮಾತ್ರ ಬರೆದುಕೊಂಡಿರುತ್ತದೆ. ಮೂಲ ಕೆಲಸ ಡಿ ಡ್ರೈವ್‌ನಲ್ಲಿ ನಡೆದಿದ್ದರೆ ವರ್ಚುವಲ್ ಮಷೀನಿನಲ್ಲೂ ಡಿ ಡ್ರೈವ್ ಮಾಡಿ, ಅದೇ ಹೆಸರಿನ ಫೋಲ್ಡರುಗಳಲ್ಲಿ ಇಡಿ. ಇಲ್ಲವಾದರೆ ಗುಡಿಯ ಫೋಟೊ ಅಚ್ಚಿನಲ್ಲಿ ಚೌಕಚೌಕವಾಗಿ ಬರುತ್ತದೆ.

ತೆರೆಯುವ ಗಳಿಗೆ

ಎಲ್ಲ ಫಾಂಟುಗಳನ್ನೂ ಹಾಕಿ, ಒಂದು ಪ್ರಿಂಟರನ್ನೂ ಸ್ಥಾಪಿಸಿದ ಮೇಲೆಯೇ ಪೇಜ್‌ಮೇಕರ್ ತೆರೆಯಿರಿ. ಎಕ್ಸ್‌ಪಿಯ ಆ್ಯಡ್ ಪ್ರಿಂಟರ್‌ನಲ್ಲಿ ಪೋರ್ಟ್ ಕೇಳಿದಾಗ 'ಫೈಲ್' ಎಂದೂ, ಮಾಡೆಲ್ ಕೇಳಿದಾಗ ಹೆಸರಿನ ಕೊನೆಗೆ ಪಿಎಸ್ ಎಂದಿರುವ ಯಾವುದಾದರೊಂದನ್ನೂ ಆರಿಸಿ. ಪಿಎಸ್ ಎಂದರೆ ಪೋಸ್ಟ್‌ಸ್ಕ್ರಿಪ್ಟ್. ನಿಜವಾದ ಪ್ರಿಂಟರ್ ಇರಬೇಕಿಲ್ಲ.

ಫಾಂಟ್ ಒಂದು ಕಡಿಮೆ ಬಿದ್ದರೂ ಪೇಜ್‌ಮೇಕರ್ ಪ್ಯಾನೋಸ್ ಎಂಬ ಪೆಟ್ಟಿಗೆ ತೋರಿಸಿ, ಇಲ್ಲದ ಫಾಂಟಿನ ಬದಲು ಯಾವುದು ಹಾಕಲಿ ಎಂದು ಕೇಳುತ್ತದೆ. ಅಲ್ಲಿ ನಿಲ್ಲಿ. ಇಲ್ಲದ ಫಾಂಟುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಿಮಗೆ ಬೇಕಾದ ಪಟ್ಟಿ ಅದೇ. ಆಮೇಲೆ ಸೇವ್ ಮಾಡದೆ ಹೊರಬನ್ನಿ. ಅವಸರದಲ್ಲಿ 'ಪರ್ಮನೆಂಟ್' ಆರಿಸಿ ಸೇವ್ ಮಾಡಿದರೆ ಯಾವ ಅಕ್ಷರಕ್ಕೆ ಯಾವ ಫಾಂಟ್ ಇತ್ತು ಎಂಬ ನೆನಪೇ ಫೈಲಿನಿಂದ ಅಳಿಸಿಹೋಗುತ್ತದೆ.

ಹೊರತೆಗೆಯುವುದು: ಎರಡು ರೂಪದಲ್ಲಿ

ಮೊದಲನೆಯದು ಪುಟದ ರೂಪ. ಆ ಪಿಎಸ್ ಪ್ರಿಂಟರಿಗೆ ಪ್ರಿಂಟ್ ಕೊಡಿ. ಅದು ಕಾಗದದ ಬದಲು ಒಂದು ಫೈಲ್ ಕೊಡುತ್ತದೆ. ಅಕ್ಷರದ ಆಕಾರಗಳೆಲ್ಲ ಅದರೊಳಗೇ ಸೇರಿರುವುದರಿಂದ ಇನ್ನು ನುಡಿ ಫಾಂಟ್ ಬೇಕಿಲ್ಲ. ಅದನ್ನು ಹೊರಗೆ ತಂದು ಉಚಿತವಾಗಿ ಸಿಗುವ ಘೋಸ್ಟ್‌ಸ್ಕ್ರಿಪ್ಟ್‌ನಿಂದ ಪಿಡಿಎಫ್ ಮಾಡಿ. ನಿಮ್ಮ ಹೊಸ ಪ್ರಿಂಟರಿಗೆ ಎಕ್ಸ್‌ಪಿ ಡ್ರೈವರ್ ಇಲ್ಲ ಎಂಬ ತೊಂದರೆಯೂ ಇದರಿಂದ ತಾನಾಗಿ ಬಗೆಹರಿಯುತ್ತದೆ.

ಎರಡನೆಯದು ಪಠ್ಯದ ರೂಪ. ಪಿಡಿಎಫ್ ಅಚ್ಚಿಗೆ ಸಾಕು. ತಿದ್ದಲು, ಹುಡುಕಲು ಯೂನಿಕೋಡ್ ಬೇಕು. ಪಠ್ಯದೊಳಗೆ ಕರ್ಸರ್ ಇಟ್ಟು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಕೊಡಿ. ಒಂದು ಸಲಕ್ಕೆ ಒಂದು ಸ್ಟೋರಿ ಮಾತ್ರ ಹೊರಬರುತ್ತದೆ, ಅಡಿಟಿಪ್ಪಣಿ ಬೇರೆ ಬ್ಲಾಕಿನಲ್ಲಿದ್ದರೆ ಅದನ್ನು ಬೇರೆಯಾಗಿ ತೆಗೆಯಬೇಕು. ಬರೀ ಟೆಕ್ಸ್ಟ್ ಬೇಡ, ಆರ್‌ಟಿಎಫ್ ಆರಿಸಿ. ಬರೀ ಟೆಕ್ಸ್ಟ್‌ನಲ್ಲಿ ಫಾಂಟಿನ ಹೆಸರು ಉಳಿಯದು. ಆಗ ನಡುನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ನುಡಿಯಲ್ಲಿ ಬರೆದದ್ದಕ್ಕೆ ನುಡಿಯದೇ ಪರಿವರ್ತಕ ಬಳಸಿ. ಶ್ರೀಲಿಪಿಯದನ್ನು ಅದಕ್ಕೆ ಹಾಕಿದರೆ ಮತ್ತೆ ಒಡೆಯುತ್ತದೆ.

ಬಂದ ಪಠ್ಯವನ್ನು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಓದಿ, ಸಾಧ್ಯವಾದರೆ ಇಬ್ಬರು ಕೂತು. ಅರ್ಕಾವತ್ತು ಜಾಗ ತಪ್ಪುವುದು, ಎರಡೆರಡು ಒತ್ತಿರುವ ಅಕ್ಷರ ಒಡೆಯುವುದು, ದೀರ್ಘ ಬಿಟ್ಟುಹೋಗುವುದು ಹೆಚ್ಚು. ದಾನಿಗಳ ಹೆಸರಿನ ಪಟ್ಟಿಯನ್ನು ವಿಶೇಷವಾಗಿ ನೋಡಿ. ಊರಿನಲ್ಲಿ ಮೊದಲು ಓದುವುದು ಅದನ್ನೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಕ್ಸ್‌ಪಿಯನ್ನೇ ದಿನನಿತ್ಯದ ಕೆಲಸಕ್ಕೆ ಇಟ್ಟುಕೊಳ್ಳುವುದು ಮೊದಲ ತಪ್ಪು. ಹೊಸ ಮದುವೆ ಪತ್ರಿಕೆಯನ್ನೂ ಅದರಲ್ಲೇ ಮಾಡಿದರೆ ಇನ್ನು ಹತ್ತು ವರ್ಷಕ್ಕೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ಅದರಲ್ಲಿ ಬ್ರೌಸರ್ ತೆರೆದು ಬ್ಯಾಂಕ್ ಕೆಲಸ ಮಾಡುವುದು ಅದಕ್ಕಿಂತ ಅಪಾಯ. ವರ್ಚುವಲ್‌ಬಾಕ್ಸಿನ ಹೊಸ ಆವೃತ್ತಿ ಹಾಕುವ ಮೊದಲು ಎಕ್ಸ್‌ಪಿಯನ್ನು 'ಸೇವ್ ಸ್ಟೇಟ್'ನಲ್ಲಿ ಮಲಗಿಸಿಬಿಡುವುದೂ ಬೇಡ, ಪೂರ್ತಿ ಶಟ್‌ಡೌನ್ ಮಾಡಿ. ಮಲಗಿಸಿದ ಸ್ಥಿತಿ ಹೊಸದರಲ್ಲಿ ಏಳದೆ ಹೋಗಬಹುದು. ವರ್ಚುವಲ್‌ಬಾಕ್ಸ್ ಉಚಿತವಾದರೂ ಅದರ ಎಕ್ಸ್‌ಟೆನ್ಶನ್ ಪ್ಯಾಕ್ ವ್ಯಾಪಾರದ ಬಳಕೆಗೆ ಉಚಿತವಲ್ಲ. 7.0ರಿಂದೀಚೆಗೆ ಯುಎಸ್‌ಬಿ 2.0 ಮೂಲ ಪ್ಯಾಕೇಜಿನಲ್ಲೇ ಇದೆ. ಅಂಗಡಿಯವರು ಪ್ಯಾಕ್ ಇಲ್ಲದೆಯೇ ಡೋಂಗಲ್ ನಡೆಸಬಹುದು.

ಸ್ನಾಪ್‌ಶಾಟ್ ಬ್ಯಾಕಪ್ ಅಲ್ಲ; ಅದೂ ಅದೇ ಡಿಸ್ಕಿನಲ್ಲಿರುತ್ತದೆ. ಕೆಲಸ ಮುಗಿದ ದಿನ ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡಿ, ಮಷೀನಿನ ಫೋಲ್ಡರ್ ಪೂರ್ತಿ ಎರಡು ಬೇರೆ ಡ್ರೈವ್‌ಗಳಿಗೆ ನಕಲು ಮಾಡಿ, ಒಂದನ್ನು ಅಂಗಡಿಯಲ್ಲೂ ಇನ್ನೊಂದನ್ನು ಮನೆಯಲ್ಲೂ ಇಡಿ. ಜತೆಗೆ ಒಂದು ಹಾಳೆಯಲ್ಲಿ ಪುಸ್ತಕದ ಹೆಸರು, ವರ್ಷ, ಬಳಸಿದ ಫಾಂಟ್, ಪೇಜ್‌ಮೇಕರ್ ಆವೃತ್ತಿ, ಎಕ್ಸ್‌ಪಿಯ ಪಾಸ್‌ವರ್ಡ್ ಬರೆದು ಡ್ರೈವಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಪಿಡಿಎಫ್ ಮತ್ತು ಯೂನಿಕೋಡ್ ಫೈಲಿನ ಒಂದು ಪ್ರತಿ ಪುಸ್ತಕ ಹಿಡಿದು ಬಂದ ಆ ಹಿರಿಯರ ಪೆನ್‌ಡ್ರೈವ್‌ಗೂ ಹಾಕಿಕೊಡಿ.